ಪ್ವಾರಿಯೇ ಹೋಗಿ ಪೆರಿ ಆದ ರೈತ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ನಾನು ಹೇಳಹೊರಟಿರೋದು ನಿಮ್ಮಲ್ಲಿ ಬಹುತೇಕರು ಹೆಸರೇ ಕೇಳಿರದ ಒಬ್ಬ ವ್ಯಕ್ತಿಯ ಕಥೆ. ಅವರಿಗೆ ಎರಡು ಹೆಸರು. ಹುಟ್ಟಿದಾಗ ಸ್ತಾನಿಸ್ಲಾಸ್-ಫ್ರಾನ್ಸ್ವಾ ಪ್ವಾರಿಯೇ. ವಿಧಾನಸಭೆಯ ದಾಖಲೆಯಲ್ಲಿ, ಕೆನಡಾ ಸಂಸತ್ತಿನ ಪಟ್ಟಿಯಲ್ಲಿ ಸ್ಟಾನಿಸ್ಲಾಸ್ ಫ್ರಾನ್ಸಿಸ್ ಪೆರಿ. ಮೊದಲನೆಯದು ಫ್ರೆಂಚ್, ಎರಡನೆಯದು ಇಂಗ್ಲಿಷ್. ಹಳೇ ಸಂಸದರ ಪಟ್ಟಿಯಲ್ಲಿ ಈ ಪೆರಿ ಅನ್ನೋ ಹೆಸರು ನೋಡಿದರೆ ಯಾರೋ ಇಂಗ್ಲಿಷರ ಮನೆತನದವರು ಅಂತ ಮುಂದಕ್ಕೆ ಹೋಗಿಬಿಡ್ತೀವಿ. ನಾನೂ ಹಾಗೇ ಹೋಗಿದ್ದೆ. ಆಮೇಲೆ ಗೊತ್ತಾಯ್ತು, ಆ ಹೆಸರಿನ ಹಿಂದೆ ಊರು ಬಿಡಿಸಿಕೊಂಡ, ಹಡಗು ಹತ್ತಿಸಿಕೊಂಡ, ಕಾಡಿನಲ್ಲಿ ಬಚ್ಚಿಟ್ಟುಕೊಂಡು ಉಳಿದ ಒಂದು ಜನಾಂಗವೇ ಇದೆ ಅಂತ.

ಆ ಜನರನ್ನ ಅಕೇಡಿಯನ್ನರು ಅಂತಾರೆ. ಅವರ ಬಗ್ಗೆ ಎರಡು ಮಾತು ಹೇಳದೆ ಪೆರಿ ಅವರ ಕಥೆಗೆ ಹೋಗೋಕೆ ಆಗಲ್ಲ.

ಕೆನಡಾದ ಪೂರ್ವ ತೀರ. ಈಗ ನೋವಾ ಸ್ಕೋಶಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ದ್ವೀಪ ಅಂತ ಕರೆಯೋ ಜಾಗ. ಹದಿನೇಳನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನಿಂದ ಒಂದಷ್ಟು ಕುಟುಂಬಗಳು ಬಂದು ಅಲ್ಲಿ ನೆಲೆ ನಿಂತವು. ರೈತರು. ಸಮುದ್ರದ ಉಬ್ಬರ ಬಂದು ಮುಳುಗಿಸುವ ಜೌಗು ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿದರು. ಒಡ್ಡಿನ ಬುಡದಲ್ಲಿ ಮರದ ತೂಬು ಇಟ್ಟರು. ಆ ತೂಬಿಗೆ ಒಂದು ಬಾಗಿಲು: ಹೊಲದ ನೀರು ಹೊರಗೆ ಹೋಗುತ್ತೆ, ಸಮುದ್ರದ ನೀರು ಒಳಗೆ ಬರೋಕೆ ನೋಡಿದರೆ ತಾನೇ ಮುಚ್ಚಿಕೊಳ್ಳುತ್ತೆ. ಎರಡು ಮೂರು ವರ್ಷ ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಆ ನೆಲದಲ್ಲಿ ಗೋಧಿ ಬೆಳೆದರು. ನಮ್ಮ ಕರಾವಳಿಯಲ್ಲಿ ಗಜನಿ ಗದ್ದೆ ಮಾಡುವವರಿಗೆ ಈ ಲೆಕ್ಕಾಚಾರ ತಕ್ಷಣ ಅರ್ಥ ಆಗುತ್ತೆ ಅಂದುಕೊಳ್ತೀನಿ.

1713ರಲ್ಲಿ ಒಂದು ಒಪ್ಪಂದ ಆಯ್ತು, ಈಗಿನ ನೋವಾ ಸ್ಕೋಶಿಯಾದ ಹೆಚ್ಚಿನ ಭಾಗ ಫ್ರಾನ್ಸಿನ ಕೈಯಿಂದ ಬ್ರಿಟನ್ನಿನ ಕೈಗೆ ಹೋಯ್ತು. ಜಮೀನಿನ ಜೊತೆ ಜನಾನೂ ಹೋದರು. ಬ್ರಿಟಿಷ್ ದೊರೆಗೆ ಪೂರ್ತಿ ನಿಷ್ಠೆಯ ಪ್ರಮಾಣ ಮಾಡಿ ಅಂತ ಕೇಳಿದರು. ಅಕೇಡಿಯನ್ನರು, ನಾವು ಯಾರ ಪರವಾಗೂ ಬಂದೂಕು ಹಿಡಿಯೋದಿಲ್ಲ, ನಮ್ಮನ್ನ ಬಿಟ್ಟುಬಿಡಿ ಅಂದರು. ನಲವತ್ತು ವರ್ಷ ಈ ಎಳೆದಾಟ ನಡೀತು. 1755ರಲ್ಲಿ ಬ್ರಿಟಿಷರು ಗಂಡಸರನ್ನ ಚರ್ಚಿಗೆ ಕರೆಸಿ ಬಾಗಿಲು ಹಾಕಿದರು, ಆದೇಶ ಓದಿದರು, ಹಡಗು ಹತ್ತಿಸಿದರು. ಮನೆಗಳಿಗೆ ಬೆಂಕಿ ಇಟ್ಟರು. ಕಷ್ಟಪಟ್ಟು ಕಟ್ಟಿದ ಆ ಒಡ್ಡಿನ ಹೊಲಗಳು ಬೇರೆಯವರ ಪಾಲಾದವು. ಅಮೆರಿಕದ ಲೂಸಿಯಾನಾದಲ್ಲಿ ಕೇಜನ್ ಅಡುಗೆ, ಕೇಜನ್ ಸಂಗೀತ ಅಂತ ಕೇಳಿರ್ತೀರಿ. ಆ 'ಕೇಜನ್' ಅನ್ನೋದು ಅಕೇಡಿಯನ್ ಅನ್ನೋ ಪದವೇ ಸವೆದು ಆದದ್ದು. ಹೀಗೆ ಚದುರಿದವರಲ್ಲಿ ಕೆಲವರು ಅಲ್ಲಿವರೆಗೆ ಹೋಗಿ ಮುಟ್ಟಿದರು.

ನಮ್ಮ ಕಥೆ ನಡೆಯೋ ಪ್ರಿನ್ಸ್ ಎಡ್ವರ್ಡ್ ದ್ವೀಪ ಆಗ ಇನ್ನೂ ಫ್ರೆಂಚರದ್ದೇ. ಎಷ್ಟೋ ಜನ ತಪ್ಪಿಸಿಕೊಂಡು ಅಲ್ಲಿಗೆ ಓಡಿಬಂದಿದ್ದರು. ಮೂರೇ ವರ್ಷ. 1758ರಲ್ಲಿ ದ್ವೀಪವೂ ಬಿತ್ತು. ಸುಮಾರು 3,000 ಜನರನ್ನ ಅಲ್ಲಿಂದ ಹಡಗು ಹತ್ತಿಸಿದರು. ಆ ಡಿಸೆಂಬರ್‌ನಲ್ಲಿ ವಯಲೆಟ್, ಡ್ಯೂಕ್ ವಿಲಿಯಂ ಅನ್ನೋ ಎರಡು ಹಡಗುಗಳು ಅಟ್ಲಾಂಟಿಕ್‌ನಲ್ಲಿ ಮುಳುಗಿದವು. ಮುಳುಗಿ ಸತ್ತವರು, ಹಡಗಿನಲ್ಲಿ ಕಾಯಿಲೆ ಬಂದು ಸತ್ತವರು, ಎಲ್ಲ ಸೇರಿದರೆ ಹೊರಟವರಲ್ಲಿ ಅರ್ಧದಷ್ಟು ಜನ. ಉಳಿದದ್ದು ದ್ವೀಪದ ಪಶ್ಚಿಮದ ಕಾಡಿನಲ್ಲಿ, ಕೊಲ್ಲಿಗಳ ಅಂಚಿನಲ್ಲಿ ಅಡಗಿದ್ದ ಕೆಲವೇ ಕುಟುಂಬಗಳು.

ಆ ಕೆಲವೇ ಕುಟುಂಬಗಳ ಸಂತಾನದಲ್ಲಿ ಪ್ವಾರಿಯೇ ಮನೆತನವೂ ಒಂದು. 1799ರಲ್ಲಿ ಮಾಲ್ಪೆಕ್ ಕೊಲ್ಲಿಯ ಕಡೆಯಿಂದ ಬೆರಳೆಣಿಕೆಯ ಅಕೇಡಿಯನ್ ಕುಟುಂಬಗಳು ಗಂಟುಮೂಟೆ ಕಟ್ಟಿ ದ್ವೀಪದ ವಾಯವ್ಯ ತುದಿಗೆ ಬಂದವು. ಟಿಗ್ನಿಶ್ ಅನ್ನೋ ಊರು ಹುಟ್ಟಿದ್ದು ಹಾಗೆ. 1823ರ ಮೇ ತಿಂಗಳಲ್ಲಿ ಅದೇ ಟಿಗ್ನಿಶ್‌ನಲ್ಲಿ ಸ್ತಾನಿಸ್ಲಾಸ್ ಹುಟ್ಟಿದ.

ಈಗ ಒಂದು ಪ್ರಶ್ನೆ. ಕಾಡು ಕಡಿದು ಊರು ಕಟ್ಟಿದರಲ್ಲ, ಆ ನೆಲ ಯಾರದ್ದು?

ಅವರದ್ದಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಈ ದ್ವೀಪದ ನೂರು ವರ್ಷದ ರಾಜಕೀಯವೆಲ್ಲ ಇದೊಂದೇ ವಿಷಯದ ಸುತ್ತ ಸುತ್ತಿದೆ. 1767ರಲ್ಲಿ ಲಂಡನ್ನಿನ ಸರ್ಕಾರ ಇಡೀ ದ್ವೀಪವನ್ನ ಅಳತೆ ಮಾಡಿಸಿ 67 ತುಂಡು ಮಾಡಿತು. ಒಂದೊಂದು ತುಂಡು ಸುಮಾರು 20,000 ಎಕರೆ. ಆಮೇಲೆ ಲಾಟರಿ ಎತ್ತಿತು! ಹೌದು, ಚೀಟಿ ಹಾಕಿ ಎತ್ತಿದರು. ಸೇನಾಧಿಕಾರಿಗಳು, ವ್ಯಾಪಾರಿಗಳು, ಸರ್ಕಾರಕ್ಕೆ ಬೇಕಾದವರು, ಇಂಥವರ ಹೆಸರಿಗೆ ಹೆಚ್ಚೂಕಡಿಮೆ ಇಡೀ ದ್ವೀಪ ಹೋಯ್ತು. ಅವರಲ್ಲಿ ಹೆಚ್ಚಿನವರು ಆ ದ್ವೀಪದ ಮುಖ ನೋಡಿದವರೇ ಅಲ್ಲ. ಟಿಗ್ನಿಶ್ ಇರೋದು ಲಾಟ್ ನಂಬರ್ ಒಂದರಲ್ಲಿ. ಇವತ್ತಿಗೂ ಅಲ್ಲಿನ ನಕ್ಷೆಯಲ್ಲಿ ಆ ಲಾಟ್ ನಂಬರ್‌ಗಳು ಹಾಗೇ ಇವೆ.

ಹಾಗಾಗಿ ದ್ವೀಪದಲ್ಲಿ ಯಾರು ಕಾಡು ಕಡಿದರೂ, ಅಕೇಡಿಯನ್ನರಿರಲಿ, ಐರಿಷರಿರಲಿ, ಸ್ಕಾಟರಿರಲಿ, ಅವರು ಒಕ್ಕಲುಗಳು. ಸಾಮಾನ್ಯವಾಗಿ ಎಕರೆಗೆ ವರ್ಷಕ್ಕೆ ಒಂದು ಶಿಲಿಂಗ್ ಗೇಣಿ. ಎಷ್ಟೋ ಗೇಣಿ ಪತ್ರಗಳ ಅವಧಿ 999 ವರ್ಷ. ಕೇಳೋಕೆ ಭದ್ರತೆ ಅನ್ನಿಸುತ್ತೆ. ಆದರೆ ಬಾಕಿ ಬಿದ್ದರೆ ಧಣಿಯ ಏಜೆಂಟು ಬಂದು ದನ, ಕುದುರೆ, ಕೊನೆಗೆ ನೆಲವನ್ನೂ ಕಿತ್ತುಕೊಳ್ಳಬಹುದಿತ್ತು. ಇಪ್ಪತ್ತು ವರ್ಷ ದುಡಿದು ಮರದ ಬೊಡ್ಡೆ ಕಿತ್ತು ಹದ ಮಾಡಿದ ಹೊಲಕ್ಕೆ ಪರಿಹಾರ ಅಂತ ಏನೂ ಇಲ್ಲ. ಗೇಣಿ ಅನ್ನೋ ಪದದ ರುಚಿ ನಮ್ಮ ಮಲೆನಾಡಿನ, ಕರಾವಳಿಯ ಹಿರಿಯರಿಗೆ ನಾನು ವಿವರಿಸಬೇಕಿಲ್ಲ.

ಇದರ ಮೇಲೆ ಇನ್ನೊಂದು. ಅಕೇಡಿಯನ್ನರು ಕ್ಯಾಥೊಲಿಕರು. ದ್ವೀಪದಲ್ಲಿ ಕ್ಯಾಥೊಲಿಕರಿಗೆ ಮತ ಹಾಕುವ ಹಕ್ಕು ಬಂದದ್ದೇ 1830ರಲ್ಲಿ. ಅಂದರೆ ಸ್ತಾನಿಸ್ಲಾಸ್ ಏಳು ವರ್ಷದ ಹುಡುಗ ಆಗೋವರೆಗೆ ಅವನ ಅಪ್ಪನಿಗೆ ಓಟಿಲ್ಲ. ನೆಲ ಇಲ್ಲ, ಓಟಿಲ್ಲ, ಸರ್ಕಾರದ ಭಾಷೆ ಮನೆಯ ಭಾಷೆ ಅಲ್ಲ. ಇಂಥ ಮನೆಯಿಂದ ಒಬ್ಬ ಹುಡುಗ ಶಾಸಕ ಆಗ್ತಾನೆ ಅಂತ ಆಗ ಯಾರಾದರೂ ಹೇಳಿದ್ದರೆ ಊರವರು ನಕ್ಕುಬಿಡ್ತಿದ್ದರೇನೋ.

ಆದದ್ದು ಓದಿನಿಂದ. ಆ ಕಾಲದ ದ್ವೀಪದಲ್ಲಿ ಒಬ್ಬ ಅಕೇಡಿಯನ್ ಹುಡುಗ ನಾಲ್ಕಕ್ಷರಕ್ಕಿಂತ ಮುಂದೆ ಕಲಿಯಬೇಕು ಅಂದರೆ ಇಂಗ್ಲಿಷ್ ಬೇಕೇ ಬೇಕು. ಬೇರೆ ದಾರಿ ಇರಲಿಲ್ಲ. ಸ್ತಾನಿಸ್ಲಾಸ್ ಕಲಿತರು. ಇಪ್ಪತ್ತರ ಆಸುಪಾಸಿನಲ್ಲೇ ಶಾಲಾ ಮೇಷ್ಟ್ರಾದರು. ಸುಮಾರು ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದರು. ಆಮೇಲೆ ಟಿಗ್ನಿಶ್‌ನಲ್ಲೇ ಬೇಸಾಯ. ಹೊರಗಿನ ಜಗತ್ತಿಗೆ ಅವರು 'ಪೆರಿ' ಆದದ್ದು ಈ ದಾರಿಯಲ್ಲೇ.

ಈ ಹೆಸರಿನ ವಿಷಯ ನನಗೆ ತುಂಬ ಕಾಡಿದ್ದು. ಇದು ಅವರೊಬ್ಬರದ್ದಲ್ಲ. ಆ ದ್ವೀಪದಲ್ಲಿ, ಸುತ್ತಮುತ್ತಲಿನ ಪ್ರಾಂತ್ಯಗಳಲ್ಲಿ ಫ್ರೆಂಚ್ ಹೆಸರುಗಳು ಸಾಲುಸಾಲಾಗಿ ಇಂಗ್ಲಿಷ್ ಆದವು. ಲೆಬ್ಲಾಂಕ್ ಅಂದರೆ ಬಿಳಿ, ಅದು ವೈಟ್ ಆಯ್ತು. ಪಿತ್ರ್ ಅನ್ನೋರು ಪೀಟರ್ಸ್ ಆದರು. ದ್ವಾರೋಂ ಅನ್ನೋರು ಗೂಲ್ಡ್ ಆದರು. ಓಕ್ವಾಂ ಅನ್ನೋ ಮನೆತನದವರು ವೆಜ್ ಆದರು, ಅಂದರೆ ಬೆಣೆ! ಫ್ರೆಂಚಿನಲ್ಲಿ ಮೂಲೆ, ಬೆಣೆ ಅನ್ನೋ ಅರ್ಥದ ಪದದ ಹಾಗೆ ಕೇಳಿಸುತ್ತೆ ಅಂತ ಅನುವಾದ ಮಾಡಿಬಿಟ್ಟಿದ್ದು. ಪ್ವಾರಿಯೇ ಅಂದರೆ ಪೇರು ಹಣ್ಣಿನ ಗಿಡ, ಪಿಯರ್ ಮರ. ಅದನ್ನ ಅನುವಾದ ಮಾಡಲಿಲ್ಲ, ಕಿವಿಗೆ ಹತ್ತಿರ ಕೇಳಿಸಿದ ಪೆರಿ ಸಾಕು ಅಂತ ಮಾಡಿದರು. ಪಾದ್ರಿ ಐರಿಷರವನೋ ಸ್ಕಾಟರವನೋ ಆದರೆ ಅವನ ಕಿವಿಗೆ ಬಿದ್ದ ಹಾಗೆ ಬರೀತಾನೆ. ಅಂಗಡಿಯವನು ಸಾಲದ ಪುಸ್ತಕದಲ್ಲಿ ತನಗೆ ಬಂದ ಹಾಗೆ ಬರೀತಾನೆ. ನಮ್ಮಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರ ಹುಟ್ಟಿದ ತಾರೀಕನ್ನ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಬರೆದುಕೊಂಡರಲ್ಲ, ಆಮೇಲೆ ಅದೇ ಖಾಯಂ ಆಯ್ತಲ್ಲ, ಹಾಗೆ. ಕೆಲವರು ಬರೆದದ್ದನ್ನ ಒಪ್ಪಿಕೊಂಡರು. ಕೆಲವರು ಬೇಕಂತಲೇ ಬದಲಾಯಿಸಿಕೊಂಡರು, ಯಾಕೆಂದರೆ ಇಂಗ್ಲಿಷ್ ಹೆಸರಿದ್ದರೆ ಕೆಲಸ ಸಿಗುತ್ತೆ, ಸಾಲ ಸಿಗುತ್ತೆ, ಜನ ಕೀಳಾಗಿ ನೋಡಲ್ಲ.

ಪೆರಿ ಅವರನ್ನ ಇದಕ್ಕಾಗಿ ತನ್ನತನ ಮಾರಿಕೊಂಡವರು ಅಂತ ತೀರ್ಪು ಕೊಡೋದು ಇವತ್ತು ಕೂತು ನಮಗೆ ಸುಲಭ. ನಾನು ಕೊಡಲ್ಲ. ಟಿಗ್ನಿಶ್‌ನಲ್ಲಿ ಅಕೇಡಿಯನ್ನರು ಮಾತ್ರ ಇರಲಿಲ್ಲ. 1811ರ ನಂತರ ಐರಿಷರೂ ಬಂದು ನೆಲೆಸಿದ್ದರು. ಒಂದೇ ಚರ್ಚು, ಅಕ್ಕಪಕ್ಕದ ಹೊಲ, ಒಂದೇ ಧಣಿಯ ಕಾಟ. ಪೆರಿ ಅವರ ಹೆಂಡತಿ ಮಾರ್ಗರೆಟ್ ಕ್ಯಾರಲ್, ಹೆಸರೇ ಹೇಳುತ್ತೆ. ಆ ಕಾಲದ ಚುನಾವಣೆ ಹೇಗಿತ್ತು ಅಂದರೆ ಗುಪ್ತ ಮತದಾನ ಇಲ್ಲ. ಮತಗಟ್ಟೆಯಲ್ಲಿ ಅಧಿಕಾರಿಯ ಮುಂದೆ, ಊರವರ ಮುಂದೆ ನಿಂತು, ನನ್ನ ಓಟು ಇಂಥವರಿಗೆ ಅಂತ ಬಾಯಿಬಿಟ್ಟು ಹೇಳಬೇಕು. ಧಣಿಯ ಏಜೆಂಟೂ ಅಲ್ಲೇ ನಿಂತು ಕೇಳಿಸಿಕೊಳ್ತಾನೆ. ಹಾಗೆ ಗಟ್ಟಿಯಾಗಿ ಹೇಳಬೇಕಾದ ಹೆಸರು ಎಲ್ಲರ ಬಾಯಲ್ಲೂ ತಿರುಗುವ ಹಾಗಿರಬೇಕು. ಇದು ನನ್ನ ಊಹೆ ಅಷ್ಟೆ, ಆದರೆ ಪ್ವಾರಿಯೇಗಿಂತ ಪೆರಿ ಅಲ್ಲಿ ಸಲೀಸು.

1854ರಲ್ಲಿ ಅವರು ಗೆದ್ದರು. ದ್ವೀಪದ ವಿಧಾನಸಭೆಗೆ ಹೋದ ಮೊದಲ ಅಕೇಡಿಯನ್. ವಯಸ್ಸು 31. ಕ್ಯಾಥೊಲಿಕರಿಗೆ ಓಟು ಬಂದು 24 ವರ್ಷ ಆದ ಮೇಲೆ, ಹಡಗು ಹತ್ತಿಸಿ ಕಳಿಸಿ ಹತ್ತಿರ ಹತ್ತಿರ ನೂರು ವರ್ಷ ಆದ ಮೇಲೆ.

ಆ ಹೊತ್ತಿಗೆ ದ್ವೀಪದಲ್ಲಿ ಗಾಳಿ ಬದಲಾಗಿತ್ತು. 1851ರಲ್ಲಿ ಜವಾಬ್ದಾರಿ ಸರ್ಕಾರ ಬಂದಿತ್ತು, ಅಂದರೆ ಮಂತ್ರಿಮಂಡಲ ಗವರ್ನರಿಗಲ್ಲ, ಸಭೆಗೆ ಉತ್ತರ ಕೊಡಬೇಕು. 1852ರಲ್ಲಿ ಉಚಿತ ಶಿಕ್ಷಣದ ಕಾಯ್ದೆ. 1853ರಲ್ಲಿ ಧಣಿಗಳಿಂದ ಜಮೀನು ಕೊಂಡು ಒಕ್ಕಲುಗಳಿಗೆ ಮಾರುವ ಕಾಯ್ದೆ. ಆದರೆ ಇದರಲ್ಲಿ ಒಂದು ತೊಡಕು: ಧಣಿ ಮಾರಿದರೆ ಮಾತ್ರ ಕೊಳ್ಳಬಹುದು. ಮಾರಲ್ಲ ಅಂದರೆ ಏನೂ ಮಾಡೋಕಾಗಲ್ಲ. ದೊಡ್ಡ ಧಣಿಗಳಲ್ಲಿ ಒಬ್ಬರು ಯಾರು ಗೊತ್ತಾ? ಸ್ಯಾಮ್ಯುಯೆಲ್ ಕ್ಯುನಾರ್ಡ್. ಅಟ್ಲಾಂಟಿಕ್ ದಾಟುವ ಹಡಗು ಕಂಪನಿಯ ಅದೇ ಕ್ಯುನಾರ್ಡ್. ಅಂಥವರ ಮುಂದೆ ಟಿಗ್ನಿಶ್‌ನ ರೈತ ಶಾಸಕ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಪೆರಿ ಅವರನ್ನ ದೊಡ್ಡ ವಾಗ್ಮಿ, ಚಳವಳಿಯ ನಾಯಕ ಅಂತ ಚಿತ್ರಿಸೋಕೆ ನಾನು ಹೋಗಲ್ಲ. ಇತಿಹಾಸದಲ್ಲಿ ಎಲ್ಲರೂ ಕುದುರೆ ಮೇಲೆ ಕತ್ತಿ ಹಿಡಿದು ಇರಬೇಕಿಲ್ಲ. ಇಂಗ್ಲಿಷಿನಲ್ಲೇ ಎಲ್ಲ ನಡೆಯುವ ಒಂದು ಸಭೆಯಲ್ಲಿ ವರ್ಷಗಟ್ಟಲೆ ತನ್ನ ಕುರ್ಚಿ ಬಿಡದೆ ಕೂತಿದ್ದು, ಸೋತರೂ ಮತ್ತೆ ನಿಂತು ಗೆದ್ದು ಬಂದದ್ದು, ಇದೇ ಅವರ ಕೆಲಸ.

ಆ ಸಭೆಯ ಹೊರಗೆ ಒಕ್ಕಲುಗಳ ಸಿಟ್ಟು ಏರುತ್ತಾ ಇತ್ತು. 1860ರಲ್ಲಿ ಆಯೋಗ ನೇಮಕ ಆಯ್ತು, ಜೋಸೆಫ್ ಹೌ ಥರದ ದೊಡ್ಡವರು ಅದರಲ್ಲಿದ್ದರು, ಒಕ್ಕಲುಗಳಿಗೆ ಜಮೀನು ಕೊಳ್ಳುವ ಹಕ್ಕು ಬೇಕು ಅಂತ ವರದಿ ಕೊಟ್ಟರು. ಲಂಡನ್ ಒಪ್ಪಲಿಲ್ಲ. 1864ರಲ್ಲಿ ರೈತರು ಟೆನೆಂಟ್ ಲೀಗ್ ಅಂತ ಸಂಘ ಕಟ್ಟಿ ಗೇಣಿ ಕೊಡೋದನ್ನೇ ನಿಲ್ಲಿಸಿದರು. ಜಪ್ತಿ ಮಾಡೋಕೆ ಷರೀಫ್ ಬರ್ತಿದ್ದಾನೆ ಅಂದರೆ ತಗಡಿನ ತುತ್ತೂರಿ ಊದೋರು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ತುತ್ತೂರಿ ಶಬ್ದ ಹೋಗೋದು, ಜನ ಸೇರಿಬಿಡೋರು. ಕೊನೆಗೆ 1865ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದ ಸೈನ್ಯ ತರಿಸಬೇಕಾಯ್ತು. ಮರುವರ್ಷ, 1866ರಲ್ಲಿ, ಕ್ಯುನಾರ್ಡ್ ವಾರಸುದಾರರು ತಮ್ಮ ಜಮೀನನ್ನ ಸರ್ಕಾರಕ್ಕೆ ಮಾರಿದರು.

ಇದೇ ಕಾಲದಲ್ಲಿ ಇನ್ನೊಂದು ಊರಿನ ಅಕೇಡಿಯನ್ ರೈತರು ಮಾಡಿದ ಕೆಲಸ ಹೇಳದೆ ಇರೋಕೆ ಆಗ್ತಿಲ್ಲ. ರಸ್ಟಿಕೊ ಅಂತ ಊರು. ಅಲ್ಲಿ ಫಾದರ್ ಬೆಲ್ಕೂರ್ ಅಂತ ಪಾದ್ರಿ. ರೈತರಿಗೆ ಬೀಜಕ್ಕೆ ಸಾಲ ಬೇಕು ಅಂದರೆ ಅಂಗಡಿಯವರ ಬಡ್ಡಿ ಕುತ್ತಿಗೆಗೆ ಬರ್ತಿತ್ತು. ಬೆಲ್ಕೂರ್ ರೈತರಿಂದಲೇ ಷೇರು ಹಣ ಕೂಡಿಸಿ ಒಂದು ಬ್ಯಾಂಕ್ ಮಾಡಿಸಿದರು. ಫಾರ್ಮರ್ಸ್ ಬ್ಯಾಂಕ್ ಆಫ್ ರಸ್ಟಿಕೊ. 1864ರಲ್ಲಿ ಅದಕ್ಕೆ ಸನದು ಸಿಕ್ತು. ಕೆಂಪು ಮರಳುಗಲ್ಲಿನ ಕಟ್ಟಡ, ಊರವರೇ ಕಟ್ಟಿದ್ದು. ತನ್ನದೇ ನೋಟು ಅಚ್ಚು ಹಾಕಿಸ್ತಿತ್ತು. 1894ರವರೆಗೆ ಮೂವತ್ತು ವರ್ಷ ನಡೀತು, ಕಟ್ಟಡ ಈಗಲೂ ಇದೆ. ಸಹಕಾರ ಸಂಘ ಕಟ್ಟಿದ ಊರುಗಳಿಂದ ಬಂದ ನಮಗೆ ಇದರ ಬೆಲೆ ಗೊತ್ತಾಗುತ್ತೆ.

ಇನ್ನು ಬೇಸಾಯ. ದ್ವೀಪದ ಮಣ್ಣು ಕೆಂಪು, ನೋಡೋಕೆ ಚೆಂದ, ಆದರೆ ಹುಳಿ ಮಣ್ಣು. ಸುಣ್ಣ ಬೇಕು. ಕೊಲ್ಲಿಗಳ ತಳದಲ್ಲಿ ಸಾವಿರಾರು ವರ್ಷದಿಂದ ಕೂತ ಚಿಪ್ಪಿನ ಕೆಸರು ಇತ್ತು. 1860ರ ದಶಕದಿಂದ ರೈತರು ಅದನ್ನ ಎತ್ತೋಕೆ ಒಂದು ಯಂತ್ರ ಮಾಡಿಕೊಂಡರು. ಚಳಿಗಾಲದಲ್ಲಿ ಕೊಲ್ಲಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯಲ್ಲಿ ತೂತು ಕೊರೆಯೋದು, ದೊಡ್ಡ ಕಬ್ಬಿಣದ ಮುಳ್ಳುಸೌಟು ಇಳಿಬಿಡೋದು, ಗಾಣದ ಎತ್ತಿನ ಹಾಗೆ ಕುದುರೆ ಸುತ್ತು ಹಾಕಿ ಅದನ್ನ ಮೇಲಕ್ಕೆ ಎಳೆಯೋದು. ಆಮೇಲೆ ಹಿಮಗಾಡಿಯಲ್ಲಿ ಹೊಲಕ್ಕೆ. ಒಂದು ಸಲ ಹಾಕಿದರೆ ಎಷ್ಟೋ ವರ್ಷ ಹುಲ್ಲು ಚೆನ್ನಾಗಿ ಬರ್ತಿತ್ತು. ಆದರೆ ಯೋಚನೆ ಮಾಡಿ, ನೆಲ ನಿಮ್ಮದಲ್ಲದೆ ಇದ್ದರೆ ಇಷ್ಟೆಲ್ಲ ಕೆಸರು ಹೊರುವ ಮನಸ್ಸು ಎಲ್ಲಿಂದ ಬರಬೇಕು?

ಈಗ ಕೆನಡಾ ವಿಷಯಕ್ಕೆ ಬರೋಣ. 1864ರ ಸೆಪ್ಟೆಂಬರ್‌ನಲ್ಲಿ ದ್ವೀಪದ ರಾಜಧಾನಿ ಶಾರ್ಲಟ್‌ಟೌನ್‌ನಲ್ಲಿ ಆ ಪ್ರಸಿದ್ಧ ಸಮ್ಮೇಳನ. ಈಗ ಕೆನಡಾ ದೇಶ ಹುಟ್ಟಿದ್ದು ಇಲ್ಲೇ ಅಂತ ಹೆಮ್ಮೆಯಿಂದ ಹೇಳಿಕೊಳ್ತಾರೆ. ಅವತ್ತು ಏನಾಗಿತ್ತು ಅಂದರೆ, ಊರಿಗೆ ಸರ್ಕಸ್ ಬಂದಿತ್ತು! ಬಹಳ ವರ್ಷದ ಮೇಲೆ ಬಂದ ಸರ್ಕಸ್. ಹೋಟೆಲ್ ಎಲ್ಲ ಭರ್ತಿ. ಕೆನಡಾದಿಂದ ಹಡಗಿನಲ್ಲಿ ಬಂದ ದೊಡ್ಡ ದೊಡ್ಡ ನಾಯಕರನ್ನ ಎದುರುಗೊಳ್ಳೋಕೆ ವಿಲಿಯಂ ಹೆನ್ರಿ ಪೋಪ್ ಅನ್ನೋ ಮಂತ್ರಿ ಒಬ್ಬರೇ ಸಣ್ಣ ದೋಣಿಯಲ್ಲಿ ಹೋದರಂತೆ. ಮೂರು ವರ್ಷದ ಮೇಲೆ 1867ರಲ್ಲಿ ಕೆನಡಾ ಆಯ್ತು, ಆದರೆ ದ್ವೀಪ ಸೇರಲಿಲ್ಲ. ಪೆರಿ ಅವರಂಥ ಎಷ್ಟೋ ಜನರಿಗೆ ಅದು ಬೇಕಿರಲಿಲ್ಲ. ದೂರದ ಲಂಡನ್ನಿನ ಧಣಿಗಳನ್ನೇ ಅನುಭವಿಸಿದವರಿಗೆ ಇನ್ನೊಂದು ದೂರದ ರಾಜಧಾನಿ ಯಾಕೆ?

ಹಾಗಾದರೆ ಸೇರಿದ್ದು ಹೇಗೆ? ರೈಲಿನಿಂದ. 1871ರಲ್ಲಿ ದ್ವೀಪದ ಸರ್ಕಾರ ರೈಲ್ವೆ ಹಾಕೋಕೆ ಹೊರಟಿತು. ಗುತ್ತಿಗೆದಾರರಿಗೆ ಮೈಲಿ ಲೆಕ್ಕದಲ್ಲಿ ದುಡ್ಡು. ಒಟ್ಟು ಎಷ್ಟು ಮೈಲಿ ಅನ್ನೋದಕ್ಕೆ ಮಿತಿ ಹಾಕಿರಲಿಲ್ಲ. ಮುಂದೇನಾಯ್ತು ಅಂತ ನಮ್ಮ ಕೇಳುಗರಿಗೆ ನಾನು ಹೇಳಿಕೊಡಬೇಕಾ! ಹಳಿ ಹಾವಿನ ಹಾಗೆ ಸುತ್ತಿತು. ಗುಡ್ಡ ಕಡಿಯೋ ಬದಲು ಗುಡ್ಡ ಸುತ್ತಿ ಹೋಯ್ತು. ಪ್ರತಿ ಊರಿನವರೂ ನಮ್ಮೂರಿಗೂ ಸ್ಟೇಷನ್ ಬೇಕು ಅಂದರು. ಇಡೀ ದ್ವೀಪ ನಮ್ಮ ಕೊಡಗಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಎರಡೇ ವರ್ಷದಲ್ಲಿ ಸಾಲ ತಲೆ ಮೇಲೆ ಬಂತು. ಸಾಲ ನಾವು ವಹಿಸಿಕೊಳ್ತೀವಿ, ಧಣಿಗಳಿಂದ ಜಮೀನು ಬಿಡಿಸೋಕೆ 8,00,000 ಡಾಲರ್ ಕೊಡ್ತೀವಿ, ಚಳಿಗಾಲದಲ್ಲೂ ದ್ವೀಪಕ್ಕೆ ಹಡಗು ಓಡಿಸ್ತೀವಿ ಅಂತ ಕೆನಡಾ ಒಪ್ಪಿತು. 1873ರ ಜುಲೈ 1ಕ್ಕೆ ದ್ವೀಪ ಕೆನಡಾ ಸೇರಿತು.

ಅದೇ 1873ರಲ್ಲಿ ದ್ವೀಪದ ವಿಧಾನಸಭೆಯ ಸ್ಪೀಕರ್ ಆದವರು ಪೆರಿ. ಓಟಿಲ್ಲದ ಅಪ್ಪನ ಮಗ ಸಭಾಧ್ಯಕ್ಷರ ಪೀಠದಲ್ಲಿ. 1874ರಲ್ಲಿ ಅವರು ಆಟವಾಕ್ಕೆ, ಕೆನಡಾದ ಹೌಸ್ ಆಫ್ ಕಾಮನ್ಸ್‌ಗೆ ಹೋದರು. ದ್ವೀಪದಿಂದ ಅಲ್ಲಿಗೆ ಹೋದ ಮೊದಲ ಅಕೇಡಿಯನ್ ಅವರೇ. ಬೇಡ ಅಂದಿದ್ದ ದೇಶದ ಸಂಸತ್ತಿಗೇ ಹೋದರಲ್ಲ ಅಂತ ನೀವು ಕೇಳಬಹುದು. ಮದುವೆ ಆದ ಮೇಲೆ ಸಂಸಾರ ಮಾಡಬೇಕಲ್ಲ.

ಇತ್ತ ದ್ವೀಪದಲ್ಲಿ 1875ರಲ್ಲಿ ಕಡೆಗೂ ಕಡ್ಡಾಯ ಜಮೀನು ಖರೀದಿ ಕಾಯ್ದೆ ಬಂತು. ಇನ್ನು ಧಣಿಗೆ ಇಷ್ಟ ಇರಲಿ ಬಿಡಲಿ, ಮಾರಲೇಬೇಕು. ಬೆಲೆ ನಿರ್ಧಾರ ಮಾಡೋದು ಆಯುಕ್ತರು. ಇಂಗ್ಲೆಂಡಿನಲ್ಲಿದ್ದ ಶಾರ್ಲಟ್ ಸಲಿವನ್ ಅನ್ನೋ ಒಡತಿ ಇದನ್ನ ಕೋರ್ಟಿಗೆ ಒಯ್ದರು. ಆಗಷ್ಟೇ ಹುಟ್ಟಿದ್ದ ಕೆನಡಾದ ಸುಪ್ರೀಂ ಕೋರ್ಟ್ ಮೊಟ್ಟಮೊದಲು ವಿಚಾರಿಸಿದ ಮೇಲ್ಮನವಿಗಳಲ್ಲಿ ಅದೂ ಒಂದು. ಕೋರ್ಟು ಕಾಯ್ದೆಯ ಪರ ನಿಂತಿತು. 1767ರ ಲಾಟರಿ ಚೀಟಿ ಹರಿದುಹೋಗೋಕೆ ನೂರು ವರ್ಷದ ಮೇಲೆ ಹಿಡೀತು.

1878ರಲ್ಲಿ ಪೆರಿ ಸೋತರು. ಸುಮ್ಮನೆ ಮನೆಯಲ್ಲಿ ಕೂರಲಿಲ್ಲ, ಮರುವರ್ಷವೇ ದ್ವೀಪದ ವಿಧಾನಸಭೆಗೆ ವಾಪಸ್. 1887ರವರೆಗೆ ಅಲ್ಲಿ. ಆಮೇಲೆ ಮತ್ತೆ ಆಟವಾ, ಲಿಬರಲ್ ಪಕ್ಷದಿಂದ.

ಆಟವಾಕ್ಕೆ ಹೋಗೋದು ಅಂದರೆ ಏನು ಅಂತ ಸ್ವಲ್ಪ ಕಲ್ಪಿಸಿಕೊಳ್ಳಿ. ಅಧಿವೇಶನ ಶುರು ಆಗೋದು ಹೆಚ್ಚಾಗಿ ಚಳಿಗಾಲದಲ್ಲಿ. ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವೆ ಕಿರಿದಾದ ಜಾಗದಲ್ಲೇ ಹದಿಮೂರು ಕಿಲೋಮೀಟರ್ ಸಮುದ್ರ, ತುಂಬ ತೇಲುವ ಮಂಜುಗಡ್ಡೆ. ಚಳಿಗಾಲದಲ್ಲೂ ಹಡಗು ಓಡಿಸ್ತೀವಿ ಅಂತ ಕೆನಡಾ ಮಾತು ಕೊಟ್ಟಿತ್ತಲ್ಲ, ನಾರ್ದರ್ನ್ ಲೈಟ್ ಅಂತ ಒಂದು ಹಡಗನ್ನೂ ಕಳಿಸಿತು. ಅದು ಮಂಜಿನಲ್ಲಿ ಪದೇಪದೇ ಸಿಕ್ಕಿಹಾಕಿಕೊಳ್ತಿತ್ತು. ಆಗ ಉಳಿದ ದಾರಿ ಮಂಜುದೋಣಿ. ನೀರಿರೋ ಕಡೆ ಹುಟ್ಟು ಹಾಕೋದು, ಮಂಜುಗಡ್ಡೆ ಬಂದಲ್ಲಿ ಎಲ್ಲರೂ ಇಳಿದು ದೋಣಿಯನ್ನ ಎಳೆಯೋದು. ಗಂಡಸರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಎಳೆಯೋಕೆ ಒಪ್ಪಿದರೆ ಟಿಕೆಟ್ ದುಡ್ಡು ಕಡಿಮೆ! ಆ ಪಟ್ಟಿ ಯಾಕೆ ಅಂದರೆ, ಮಂಜು ಒಡೆದು ಒಳಗೆ ಬಿದ್ದರೆ ಹಿಡಿದು ಎತ್ತೋಕೆ. 1885ರ ಜನವರಿಯಲ್ಲಿ ಮೂರು ದೋಣಿ ಹಿಮಗಾಳಿಯಲ್ಲಿ ದಾರಿ ತಪ್ಪಿ, ಅದರಲ್ಲಿದ್ದವರು ರಾತ್ರಿ ಕಳೆಯೋಕೆ ಒಂದು ದೋಣಿಯನ್ನೇ ಸುಟ್ಟು ಚಳಿ ಕಾಯಿಸಿಕೊಂಡರು. ಹಾಗಾಗಿ ದ್ವೀಪದ ಸಂಸದರು ಪಕ್ಷಭೇದ ಇಲ್ಲದೆ ಆಟವಾದಲ್ಲಿ ಇದೊಂದು ವಿಷಯ ಎತ್ತುತ್ತಲೇ ಇದ್ದರು, ಸಮುದ್ರದ ಅಡಿ ಸುರಂಗ ಕೊರೆಯಿರಿ ಅನ್ನೋವರೆಗೂ ಹೋಯ್ತು. ಕೊನೆಗೆ ಸೇತುವೆ ಆದದ್ದು 1997ರಲ್ಲಿ. ನಮ್ಮ ನೀರಾವರಿ ಯೋಜನೆಗಳೇ ನಿಧಾನ ಅಂದುಕೊಂಡಿದ್ದೆ.

ಈ ನಡುವೆ ಅಕೇಡಿಯನ್ನರಲ್ಲಿ ಹೊಸ ಹುರುಪು ಬಂದಿತ್ತು. 1881ರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಮೆಮ್ರಾಮ್‌ಕುಕ್‌ನಲ್ಲಿ ಅವರ ಮೊದಲ ರಾಷ್ಟ್ರೀಯ ಸಮಾವೇಶ. ಎರಡನೆಯದು 1884ರಲ್ಲಿ ಈ ದ್ವೀಪದ ಮಿಸ್‌ಕೂಶ್‌ನಲ್ಲೇ, ಪೆರಿ ಅವರ ಜಿಲ್ಲೆಯಲ್ಲೇ. ಅಲ್ಲಿ ಬಾವುಟ ಒಪ್ಪಿಕೊಂಡರು: ಫ್ರಾನ್ಸಿನ ನೀಲಿ ಬಿಳಿ ಕೆಂಪಿನ ಮೇಲೆ ಒಂದು ಚಿನ್ನದ ಬಣ್ಣದ ನಕ್ಷತ್ರ. ಇವತ್ತು ಆ ತೀರದ ಊರುಗಳಿಗೆ ಹೋದರೆ ಮನೆ ಮುಂದೆ, ದೋಣಿ ಮೇಲೆ, ವಿದ್ಯುತ್ ಕಂಬದ ಮೇಲೆ ಎಲ್ಲ ಆ ನಕ್ಷತ್ರ ಕಾಣುತ್ತೆ. 1893ರಲ್ಲಿ ಟಿಗ್ನಿಶ್‌ನಲ್ಲೇ 'ಲಂಪಾರ್ಸಿಯಾಲ್' ಅನ್ನೋ ಫ್ರೆಂಚ್ ಪತ್ರಿಕೆ ಶುರು ಆಯ್ತು, ಬ್ಯುಯೋತ್ ಅನ್ನೋ ಅಪ್ಪ ಮಗ ಸೇರಿ ನಡೆಸಿದ್ದು. ದ್ವೀಪದ ಮೊದಲ ಫ್ರೆಂಚ್ ಪತ್ರಿಕೆ. ಪೆರಿ ಅವರಿಗೆ ಆಗ ಎಪ್ಪತ್ತು. ತಮ್ಮ ಕಾಲದಲ್ಲಿ ಹೆಸರು ಇಂಗ್ಲಿಷ್ ಮಾಡಿಕೊಂಡು ಒಳಗೆ ಹೋಗಬೇಕಾಗಿದ್ದ ಮನುಷ್ಯ, ತಮ್ಮದೇ ಊರಿನ ಅಚ್ಚುಕೂಟದಲ್ಲಿ ಮನೆಮಾತು ಅಚ್ಚಾಗೋದನ್ನ ನೋಡಿದರು. ಅದನ್ನ ಕೈಯಲ್ಲಿ ಹಿಡಿದಾಗ ಅವರಿಗೆ ಹೆಮ್ಮೆ ಆಯ್ತೋ, ಎಲ್ಲೋ ಒಂದು ಕಡೆ ಚುಚ್ಚಿತೋ.

ಹೊಸ ತಲೆಮಾರಿನ ನಾಯಕರಿಗೆ ಹೆಸರು ಬದಲಾಯಿಸುವ ಅಗತ್ಯ ಬೀಳಲಿಲ್ಲ. 1895ರಲ್ಲಿ ಜೋಸೆಫ್-ಒಕ್ತಾವ್ ಆರ್ಸೆನೋ ಅದೇ ಹೆಸರಿನಲ್ಲಿ ಸೆನೆಟ್‌ಗೆ ಹೋದರು. ಅವರ ಮಗ ಒಬಾಂ-ಎಡ್ಮೋಂದ್ ಆರ್ಸೆನೋ 1917ರಲ್ಲಿ ದ್ವೀಪದ ಪ್ರಧಾನಿಯೇ ಆದರು, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ.

1896ರ ಚುನಾವಣೆ. ಪೆರಿ ಅವರಿಗೆ 73. ಎಡ್ವರ್ಡ್ ಹ್ಯಾಕೆಟ್ ಅನ್ನೋ ಕನ್ಸರ್ವೇಟಿವ್ ಅಭ್ಯರ್ಥಿ ಎದುರು ಸೋತರು. 1878ರಲ್ಲಿ ಅವರ ಜಿಲ್ಲೆಯಿಂದ ಗೆದ್ದು ಹೋದವರಲ್ಲೂ ಇದೇ ಹ್ಯಾಕೆಟ್ ಇದ್ದರು. ಬೇರೆಯವರಾಗಿದ್ದರೆ ಸಾಕಪ್ಪಾ ಅಂತ ಆಲೂಗಡ್ಡೆ ಹೊಲ ನೋಡಿಕೊಂಡು ಇರ್ತಿದ್ದರು. ಹ್ಯಾಕೆಟ್ ಅವರ ಗೆಲುವು ಅನೂರ್ಜಿತ ಆಯ್ತು. 1897ರಲ್ಲಿ ಉಪಚುನಾವಣೆ. ಪೆರಿ ಮತ್ತೆ ನಿಂತರು, ಗೆದ್ದರು. 1898ರ ಫೆಬ್ರವರಿ, ಮತ್ತೆ ಅಧಿವೇಶನ, ಮತ್ತೆ ಆಟವಾ. ಅದೇ ತಿಂಗಳ 24ರಂದು ಅಲ್ಲೇ ತೀರಿಕೊಂಡರು, ಸಂಸದರಾಗಿದ್ದಾಗಲೇ. ಮೊದಲ ಸಲ ಗೆದ್ದು 44 ವರ್ಷ ಆಗಿತ್ತು.

ದ್ವೀಪವನ್ನ ಸಾಲಕ್ಕೆ ತಳ್ಳಿದ ಆ ಸುತ್ತುಬಳಸಿನ ರೈಲು ಪಶ್ಚಿಮದಲ್ಲಿ ಕೊನೆ ಆಗ್ತಿದ್ದದ್ದು ಟಿಗ್ನಿಶ್‌ನಲ್ಲಿ. 1989ರಲ್ಲಿ ರೈಲು ನಿಂತಿತು, ಹಳಿ ಕಿತ್ತರು. ಆ ಜಾಗದಲ್ಲಿ ಈಗ ದ್ವೀಪದ ಉದ್ದಕ್ಕೂ ನಡೆಯುವವರಿಗೆ, ಸೈಕಲ್ ಹೊಡೆಯುವವರಿಗೆ ದಾರಿ ಮಾಡಿದ್ದಾರೆ. ಅದರ ಸೊನ್ನೆ ಕಿಲೋಮೀಟರ್ ಇರೋದು ಟಿಗ್ನಿಶ್‌ನಲ್ಲಿ. ಊರಲ್ಲಿ ಈಗಲೂ ಪೆರಿಗಳೂ ಇದ್ದಾರೆ, ಪ್ವಾರಿಯೇಗಳೂ ಇದ್ದಾರೆ.

ಈ ಸಂಚಿಕೆ ಬಗ್ಗೆ ನಿಮಗೆ ಅನ್ನಿಸಿದ್ದನ್ನ ಬರೆದು ಕಳಿಸಿ. ನಿಮ್ಮ ಮನೆತನದ ಹೆಸರನ್ನ ಯಾರಾದರೂ ರಿಜಿಸ್ಟರಿನಲ್ಲಿ ಬದಲಾಯಿಸಿದ ಕಥೆ ಇದ್ದರೆ ಅದನ್ನೂ ಬರೀರಿ, ಕೇಳೋಕೆ ನನಗೆ ಇಷ್ಟ.